ಹಳಿಯೇ ಇಲ್ಲದ ಊರಲ್ಲಿ ಉಗಿಬಂಡಿ!

ಮೊದಲು ಒಂದು ಸಣ್ಣ ಪರೀಕ್ಷೆ. ಕೊಳ್ಳೇಗಾಲ, ಹನೂರು, ಯಳಂದೂರು, ಈ ಮೂರೂ ತಾಲ್ಲೂಕು ಸೇರಿಸಿದರೆ ಎಷ್ಟು ಕಿಲೋಮೀಟರು ರೈಲು ಹಳಿ ಸಿಗುತ್ತದೆ? ಹೇಳಿ ನೋಡೋಣ!

ಇಪ್ಪತ್ತು? ಹತ್ತು? ಹೋಗಲಿ, ಒಂದು?

ಸೊನ್ನೆ! ಒಂದಿಂಚೂ ಇಲ್ಲ. ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲದ ಮೇಲೆ ಚಾಮರಾಜನಗರಕ್ಕೆ ಹೊಸ ಮಾರ್ಗ ಬರುತ್ತದೆ ಅಂತ 1990ರ ದಶಕದಿಂದ ಕೇಳುತ್ತಲೇ ಇದ್ದೇವೆ. ರೈಲು ಹತ್ತಬೇಕು ಅಂದರೆ ಮೊದಲು ಬಸ್ಸು ಹತ್ತಬೇಕು.

ಈಗ ಎರಡನೇ ಪ್ರಶ್ನೆ. ಇದು ಸ್ವಲ್ಪ ಕಷ್ಟದ್ದು. ಬ್ಯಾಟರಿ ಇಲ್ಲದ, ಕರೆಂಟ್ ಬೇಡದ, ಬೆಂಕಿ ಹಚ್ಚಿ ನೀರು ಕಾಯಿಸಿದರೆ ಬುಸುಗುಟ್ಟುತ್ತಾ ಓಡುವ, ಎರಡು ಕೈಯಲ್ಲಿ ಎತ್ತಿಕೊಳ್ಳಬಹುದಾದ ಪುಟ್ಟ ಉಗಿಬಂಡಿಯೊಂದನ್ನು ಕಟ್ಟಬೇಕು. ಅದಕ್ಕೆ ಬೇಕಾದ ಸಾಮಾನಿನಲ್ಲಿ ಈ ಮೂರು ತಾಲ್ಲೂಕಿನ ಅಂಗಡಿಗಳಲ್ಲಿ ಎಷ್ಟು ಸಿಗಬಹುದು?

ಇದಕ್ಕೂ ಸೊನ್ನೆಯೇ ಅಂದಿರಾ? ನಾನೂ ಹಾಗೇ ಅಂದುಕೊಂಡಿದ್ದೆ. ತಪ್ಪು! ದೊಡ್ಡ ತಪ್ಪು! ಉಗಿಬಂಡಿ ಇಲ್ಲೇ ಇದೆ. ಬಚ್ಚಲಮನೆಯಲ್ಲಿದೆ, ಸೈಕಲ್ ಶಾಪಿನಲ್ಲಿದೆ, ಆಚಾರರ ಕುಲುಮೆಯ ಪಕ್ಕದಲ್ಲಿದೆ, ಕೆಟ್ಟುಹೋದ ಬೋರ್‌ವೆಲ್ ಮೋಟಾರಿನ ಹೊಟ್ಟೆಯಲ್ಲಿದೆ. ಬೇರೆ ಬೇರೆ ಹೆಸರಿಟ್ಟುಕೊಂಡು ಅಡಗಿ ಕೂತಿದೆ, ಅಷ್ಟೇ!

ಬನ್ನಿ, ಕೈಚೀಲ ತಗೊಳ್ಳಿ. ಹುಡುಕೋಣ.

ಹೊರಡುವ ಮುನ್ನ ಅಳತೆ. ನಮ್ಮ ಬಂಡಿ ಓಡುವ ಹಳಿಯ ಅಗಲ 45 ಮಿ.ಮೀ. ಒಂದು ಬೆಂಕಿಪೊಟ್ಟಣ ಅಡ್ಡ ಇಟ್ಟರೆ ಹೆಚ್ಚುಕಮ್ಮಿ ಅಷ್ಟೇ! ಚಾಮರಾಜನಗರಕ್ಕೆ ಹಿಂದೆ ಓಡುತ್ತಿದ್ದ ಮೀಟರ್ ಗೇಜ್ ರೈಲಿನ ಹಳಿ 1000 ಮಿ.ಮೀ. ಭಾಗಿಸಿ ನೋಡಿ. ಹತ್ತಿರ ಹತ್ತಿರ ಇಪ್ಪತ್ತೆರಡೂವರೆ ಪಟ್ಟು ಚಿಕ್ಕದು. ಜಗತ್ತಿನ ಎಷ್ಟೋ ಮನೆಗಳ ಹಿತ್ತಿಲಲ್ಲಿ ಮೀಟರ್ ಗೇಜ್ ಮಾದರಿಗಳು ಓಡುವುದು ಇದೇ 1:22.5 ಅಳತೆಯಲ್ಲಿ.

ಹಾಗಾದರೆ ತೂಕವೂ ಇಪ್ಪತ್ತೆರಡೂವರೆ ಪಟ್ಟು ಕಡಿಮೆಯಾಗುತ್ತದೆಯೇ? ಊಹಿಸಿ!

ಇಲ್ಲ! ಉದ್ದ ಕುಗ್ಗಿತು, ಅಗಲ ಕುಗ್ಗಿತು, ಎತ್ತರವೂ ಕುಗ್ಗಿತು. ಮೂರನ್ನೂ ಗುಣಿಸಿದರೆ 11,390 ಪಟ್ಟು! ಐವತ್ತು ಟನ್ನಿನ ಎಂಜಿನ್ ನಾಲ್ಕೂವರೆ ಕಿಲೋಗೂ ಕಡಿಮೆ ತೂಗುತ್ತದೆ. ಸಂತೆಯಿಂದ ತರುವ ಒಂದು ಕುಂಬಳಕಾಯಿಯ ಭಾರ!

ಮೊದಲ ಬೇಟೆ, ಬಾಯ್ಲರ್. ಉಗಿಬಂಡಿಯ ಹೃದಯವೇ ಅದು. ಕೊಳ್ಳೇಗಾಲದಲ್ಲಿ ಬಾಯ್ಲರ್ ಎಲ್ಲಿ ಸಿಗುತ್ತದೆ?

ನಗಬೇಡಿ. ಬಚ್ಚಲಮನೆಗೆ ನಡೆಯಿರಿ!

ಹಳೇ ಮನೆಗಳಲ್ಲಿ ಹಂಡೆಯ ಕಾಲ ಮುಗಿದ ಮೇಲೆ ಬಂತಲ್ಲ, ಆ ತಾಮ್ರದ ಬಾಯ್ಲರನ್ನು ನೆನಪಿಸಿಕೊಳ್ಳಿ. ಕೆಳಗೆ ಸೌದೆ, ನಡುವೆ ನೆಟ್ಟಗೆ ಮೇಲಕ್ಕೆ ಹೋಗುವ ಹೊಗೆ ಕೊಳವೆ, ಅದರ ಸುತ್ತ ನೀರು. ಬೆಂಕಿ ಒಳಗೆ, ನೀರು ಹೊರಗೆ! ಅದನ್ನೇ ಮನಸ್ಸಿನಲ್ಲಿ ಅಡ್ಡಡ್ಡ ಮಲಗಿಸಿ. ಎರಡೂ ತುದಿಗೆ ಮುಚ್ಚಳ ಹಾಕಿ. ಅಂಗೈಯಗಲಕ್ಕೆ ಇಳಿಸಿ. ಆಯಿತು! ಗ್ಯಾಸಿನಿಂದ ಓಡುವ ಪುಟ್ಟ ಉಗಿಬಂಡಿಗಳ ಬಾಯ್ಲರ್ ಇರುವುದು ಥೇಟ್ ಹೀಗೇ. ಬ್ರಿಟನ್ನಿನಿಂದ ದುಡ್ಡು ಕೊಟ್ಟು ತರಿಸುವ ನಕ್ಷೆಯಲ್ಲಿರುವುದೂ ಇದೇ. ದೀಪಾವಳಿಯ ಹಿಂದಿನ ದಿನ ನೀರು ತುಂಬಿ ಹೂ ಮುಡಿಸುವಾಗ ನಮ್ಮಜ್ಜಿಯರು ಒಂದು ಉಗಿಬಂಡಿಯ ಕರುಳಿಗೇ ಪೂಜೆ ಮಾಡುತ್ತಿದ್ದರು!

ಹಾಗಂತ ಬಚ್ಚಲ ಬಾಯ್ಲರಿನ ತೆಳು ತಗಡನ್ನೇ ಕತ್ತರಿಸಿ ಬಳಸುವಂತಿಲ್ಲ. ಅದು ಒತ್ತಡಕ್ಕೆ ಮಾಡಿದ್ದಲ್ಲ. ಅದರಿಂದ ಕಲಿಯಬೇಕಾದ್ದು ಉಪಾಯ. ತಾಮ್ರ ಮಾತ್ರ ದಪ್ಪನೆಯದು ಬೇಕು, ಜೋಡಣೆಯಿಲ್ಲದ ಕೊಳವೆಯಾಗಿರಬೇಕು. ಗುಜರಿ ಅಂಗಡಿಯಲ್ಲಿ ತಾಮ್ರ ಕಿಲೋ ಲೆಕ್ಕ. ಕಾಯಬೇಕು, ಕೆದಕಬೇಕು, ಕ್ಯಾಲಿಪರ್ ಇಟ್ಟು ಅಳೆಯಬೇಕು.

ಯಾಕೆ ಇಷ್ಟು ಎಚ್ಚರ ಅಂತೀರಾ? ಈ ಲೆಕ್ಕ ಕೇಳಿ. ಬಾಯ್ಲರಿನ ತುದಿಮುಚ್ಚಳ ಎರಡು ಇಂಚಿನದ್ದು. ಒಳಗಿನ ಒತ್ತಡ ಚದರ ಇಂಚಿಗೆ 40 ಪೌಂಡು, ಅಂದರೆ ನಿಮ್ಮ ಮನೆಯ ಕುಕ್ಕರಿನ ಎರಡೂವರೆ ಪಟ್ಟಿಗಿಂತ ಹೆಚ್ಚು. ಆ ಪುಟ್ಟ ಮುಚ್ಚಳದ ಮೇಲೆ ಬೀಳುವ ಒಟ್ಟು ತಳ್ಳು ಎಷ್ಟಿರಬಹುದು?

ಐದು ಕಿಲೋ? ಹತ್ತು?

ಐವತ್ತೇಳು ಕಿಲೋ! ಒಂದು ಮೂಟೆ ಅಕ್ಕಿಗಿಂತ ಜಾಸ್ತಿ! ಅಂಗೈಗಿಂತ ಚಿಕ್ಕ ಬಿಲ್ಲೆಯ ಮೇಲೆ ಒಬ್ಬ ಮನುಷ್ಯ ನಿಂತ ಹಾಗೆ. ಪರೀಕ್ಷೆ ಮಾಡುವಾಗ ಇದರ ಎರಡರಷ್ಟು ಒತ್ತಡ ಕೊಡಬೇಕು. ಕ್ವಿಂಟಾಲನ್ನೂ ದಾಟಿತು! ಅದಕ್ಕೇ ಎರಡೂ ಮುಚ್ಚಳಗಳನ್ನು ಒಳಗಿನಿಂದ ಹಿಡಿದಿಡಲು ತಾಮ್ರದ್ದೋ ಕಂಚಿನದ್ದೋ ಕಂಬಿ ಕೂರಿಸುತ್ತಾರೆ.

ಪರೀಕ್ಷೆ ಮಾಡುವುದು ಹೇಗೆ ಅಂತ ತಿಳಿದರೆ ಇನ್ನೂ ಖುಷಿಯಾಗುತ್ತದೆ. ಗಾಳಿ ತುಂಬಿಯಲ್ಲ, ಉಗಿ ಎಬ್ಬಿಸಿಯಂತೂ ಅಲ್ಲವೇ ಅಲ್ಲ. ತಣ್ಣೀರಿನಿಂದ! ಒಂದು ಗುಳ್ಳೆಯೂ ಉಳಿಯದ ಹಾಗೆ ಕಂಠಮಟ್ಟ ನೀರು ತುಂಬಿ, ಕೈಪಂಪಿನಲ್ಲಿ ಇನ್ನಷ್ಟು ನೀರು ಒತ್ತುವುದು. ಬೆಸುಗೆ ಬಿಟ್ಟುಕೊಂಡರೆ ಏನಾಗುತ್ತದೆ? ನೀರು ಜಿನುಗುತ್ತದೆ. ಅಷ್ಟೇ! ನೀರನ್ನು ಎಷ್ಟು ಒತ್ತಿದರೂ ಅದು ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಬಿಟ್ಟಾಗ ಸಿಡಿಯುವುದೂ ಇಲ್ಲ. ಉಗಿಯ ಕಥೆ ಬೇರೆ. ಒಂದು ಚಮಚ ನೀರು ಕುದಿದು ಉಗಿಯಾದರೆ ಸುಮಾರು ಸಾವಿರದ ಆರುನೂರು ಚಮಚದಷ್ಟು ಜಾಗ ಬೇಡುತ್ತದೆ!

ನಮ್ಮ ದೇಶದ ಬಾಯ್ಲರ್ ಕಾನೂನು 25 ಲೀಟರಿಗಿಂತ ಚಿಕ್ಕದರ ಕಡೆ ತಿರುಗಿಯೂ ನೋಡುವುದಿಲ್ಲ. ನಮ್ಮದು ಒಂದು ಲೋಟ. ಇನ್‌ಸ್ಪೆಕ್ಟರ್ ಬರುವುದಿಲ್ಲ. ಆದ್ದರಿಂದ ಇನ್‌ಸ್ಪೆಕ್ಟರ್ ನಾವೇ ಆಗಬೇಕು.

ಈಗ ಬೆಸುಗೆ. ರೇಡಿಯೋ ರಿಪೇರಿಯ ಸೀಸದ ಬೆಸುಗೆ ಸಾಲದೇ? ಸಾಲದು! ಈ ಒತ್ತಡದಲ್ಲಿ ಉಗಿಯ ಬಿಸಿ ಸುಮಾರು 140 ಡಿಗ್ರಿ. ಸೀಸ ತವರದ ಬೆಸುಗೆ 183ಕ್ಕೇ ಮೆತ್ತಗಾಗಲು ಶುರು. ನೀರು ಖಾಲಿಯಾದ ಒಂದು ಗಳಿಗೆ ಸಾಕು, ಎಲ್ಲ ಬಿಚ್ಚಿಕೊಳ್ಳುತ್ತದೆ. ಬೇಕಾದ್ದು ಬೆಳ್ಳಿ ಬೆಸುಗೆ. ಅದು ಕರಗಲು 600 ಡಿಗ್ರಿಯೂ ಸಾಲದು.

ಬೆಳ್ಳಿ ಬೆಸುಗೆ ಬಲ್ಲವರು ಯಾರು? ಚಿನ್ನಬೆಳ್ಳಿ ಕೆಲಸದ ಆಚಾರರು! ಕಾಲುಂಗುರಕ್ಕೆ, ಉಡಿದಾರಕ್ಕೆ ದಿನವೂ ಮಾಡುವ ಕೆಲಸವೇ ಇದು. ಆ ಬಿಳಿಪುಡಿ ನೋಡಿ, ಬಿಳಿಗಾರ. ತಾಮ್ರದ ಮೇಲೆ ಕರಿ ಹಿಡಿಯದ ಹಾಗೆ ಕಾದು, ಕರಗಿದ ಬೆಳ್ಳಿಗೆ ದಾರಿ ಬಿಡುತ್ತದೆ. ಜಾಗ ಕೆಂಪಗಾಗುತ್ತಿದ್ದಂತೆ ಬೆಸುಗೆ ಫಳ್ಳಂತ ಮಿಂಚಿ ಸಂದಿಯೊಳಗೆ ಓಡಿಹೋಗುತ್ತದೆ. ಬೆಂಕಿ ಎಲ್ಲಿದೆಯೋ ಅಲ್ಲಿಗೆ! ಎಷ್ಟು ಸಲ ನೋಡಿದರೂ ನನಗೆ ಸಾಕೆನಿಸಿಲ್ಲ.

ಇಲ್ಲೇ ಇನ್ನೊಂದು ಒಗಟು. ಉಕ್ಕನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಮಚ್ಚಿನ ಬಾಯಿ ಗಟ್ಟಿಯಾಗುತ್ತದೆ. ಕಮ್ಮಾರರ ಮನೆಯ ಮಗುವಿಗೂ ಗೊತ್ತು. ತಾಮ್ರವನ್ನು ಹಾಗೆ ಮಾಡಿದರೆ?

ಮೆತ್ತಗಾಗುತ್ತದೆ! ಬೆಣ್ಣೆ ಮುದ್ದೆಯ ಹಾಗೆ! ಮುಚ್ಚಳದ ಅಂಚನ್ನು ಮರದ ಸುತ್ತಿಗೆಯಲ್ಲಿ ಬಡಿದು ಮಡಿಸುವುದು ಆಮೇಲೆ. ಬಡಿದಂತೆಲ್ಲ ತಾಮ್ರ ಹಟ ಹಿಡಿಯುತ್ತದೆ. ಮತ್ತೆ ಕಾಯಿಸಿ ಅದ್ದಿ, ಮತ್ತೆ ಬಡಿಯಿರಿ.

ಇನ್ನು ಹನೂರಿಗೆ ಹೋಗೋಣ. ಅಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಸಾಮಾನಿದೆ.

ಬಾಯ್ಲರಿಗೆ ವಾಲ್ವು, ನೀರು ತುಂಬುವ ಬಾಯಿ, ಒತ್ತಡದ ಮಾಪಕ ಕೂರಿಸಲು ಮರೆ (ಸ್ಕ್ರೂವಿನ ಸುತ್ತು) ಇರುವ ದಪ್ಪ ಬಳೆಗಳು ಬೇಕು. ಹಿತ್ತಾಳೆಯಲ್ಲಿ ಮಾಡಿದರಾಯಿತು ಅನ್ನಿಸುತ್ತದೆ. ಪಳಪಳ ಹೊಳೆಯುತ್ತದೆ, ಎಲ್ಲ ಕಡೆ ಸಿಗುತ್ತದೆ, ಲೇತಿನಲ್ಲಿ ಸರಾಗ ಕಡೆಯುತ್ತದೆ.

ಅದೇ ಬಲೆ! ಕುದಿನೀರು ವರ್ಷಗಟ್ಟಲೆ ತಾಗುತ್ತಿದ್ದರೆ ಹಿತ್ತಾಳೆಯೊಳಗಿನ ಸತುವು ಸದ್ದಿಲ್ಲದೆ ಜಾರಿಕೊಂಡು ಹೋಗುತ್ತದೆ. ಹೊರಗೆ ಆಕಾರ ಹಾಗೇ ಇರುತ್ತದೆ. ಒಳಗೆ ಉಳಿಯುವುದು ಗೆದ್ದಲು ತಿಂದ ಮರದಂಥ ತೂತುತೂತು ತಾಮ್ರ! ಚಿಮಣಿಗೆ, ಗುಮ್ಮಟದ ಹೊದಿಕೆಗೆ ಹಿತ್ತಾಳೆ ಹಾಕಿ, ಚೆಂದ. ಬಾಯ್ಲರಿನ ಮೈಗೆ ಬೇಡ. ಅಲ್ಲಿಗೆ ಬೇಕಾದ್ದು ತಾಮ್ರಕ್ಕೆ ತವರ ಬೆರೆತ ಗನ್‌ಮೆಟಲ್.

ಗನ್‌ಮೆಟಲ್! ತೋಪು ಎರಕ ಹೊಯ್ಯುತ್ತಿದ್ದ ಲೋಹ! ಮಲೆ ಮಹದೇಶ್ವರ ಬೆಟ್ಟದ ದಾರಿಯಲ್ಲಿರುವ ಹನೂರಿನಲ್ಲಿ ಅದೆಲ್ಲಿ ಸಿಗಬೇಕು?

ಮೋಟಾರ್ ರೀವೈಂಡಿಂಗ್ ಅಂಗಡಿಯ ಮುಂದೆ ನಿಲ್ಲಿ. ಹನೂರಿನದು ಬೋರ್‌ವೆಲ್ಲಿನ ಸೀಮೆ. ಹೊಲಗಳ ಆಳದಿಂದ ಮೇಲೆತ್ತಿದ ಸಬ್‌ಮರ್ಸಿಬಲ್ ಮೋಟಾರುಗಳು ಅಂಥ ಅಂಗಡಿಯಲ್ಲಿ ಬಿಚ್ಚಿ ಬಿದ್ದಿರುತ್ತವೆ. ಒಳಗೆ ಶಾಫ್ಟು ತಿರುಗುವ ಕಡೆ ಕೆಂಚುಹಳದಿ ಬಣ್ಣದ ಒಂದು ಬುಷ್ ಇರುತ್ತದೆ. ನೀರಿನಲ್ಲೇ ಹುಟ್ಟಿ ನೀರಿನಲ್ಲೇ ಸವೆಯುವ ಬುಷ್. ಅದು ತವರ ಕಂಚು! ಹಳೆಯದನ್ನು ತೆಗೆದು ಹೊಸದು ಹಾಕಿದ ಮೇಲೆ ಆ ಸವೆದ ಬುಷ್ ಗುಜರಿಯ ಡಬ್ಬಕ್ಕೆ. ಅದೇ ನಮ್ಮ ಚಿನ್ನ! ಒಳಗೆ ಸೀಸ ಜಾಸ್ತಿ ಬೆರೆಸಿದ ಬುಷ್ ಬೆಳ್ಳಿ ಬೆಸುಗೆಗೆ ಒಗ್ಗುವುದಿಲ್ಲ, ಅಂಥದ್ದನ್ನು ಆಕ್ಸಲಿನ ಬೇರಿಂಗಿಗೆ ಇಟ್ಟುಕೊಳ್ಳಿ. ಆ ಕೆಲಸಕ್ಕೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಅದೇ ಅಂಗಡಿಯಲ್ಲಿ ಪಂಪಿಗೆ ಸುತ್ತುವ ಗ್ರಾಫೈಟ್ ಹಚ್ಚಿದ ಹಗ್ಗವೂ ಇರುತ್ತದೆ. ಒಂದು ಗೇಣು ಕೇಳಿ. ಎಳೆ ಬಿಡಿಸಿದರೆ ಪಿಸ್ಟನ್ನಿಗೆ ಸುತ್ತಲು ಬೇಕಾದಷ್ಟು.

ಹಗ್ಗ ಸಿಗಲಿಲ್ಲವೇ? ನಲ್ಲಿ ಸಾಮಾನಿನ ಅಂಗಡಿಯಲ್ಲಿ ಬಿಳಿ ಟೆಫ್ಲಾನ್ ಟೇಪಿನ ಸುರುಳಿ ಇದೆಯಲ್ಲ! ಎರಡು ಬೆರಳಲ್ಲಿ ದೀಪದ ಬತ್ತಿ ಹೊಸೆದ ಹಾಗೆ ಹೊಸೆಯಿರಿ. ಪಿಸ್ಟನ್ ಕಂಬಿ ಹೊರಬರುವ ಕಡೆ ಸುತ್ತಿ. ಉಗಿ ಸೋರದು! 250 ಡಿಗ್ರಿಗೂ ಜಗ್ಗದು!

ಸೈಕಲ್ ಶಾಪು. ಒಂದು ಸ್ಪೋಕ್ ಕಡ್ಡಿ ಎತ್ತಿಕೊಳ್ಳಿ. ದಪ್ಪ ಎರಡು ಮಿ.ಮೀ. ತುದಿಯ ಮರೆಯಲ್ಲಿ ಇಂಚಿಗೆ ಎಷ್ಟು ಸುತ್ತು ಇರಬಹುದು? ಐವತ್ತಾರು! ಬಾಯ್ಲರಿನ ಫಿಟ್ಟಿಂಗಿಗೆ ಮಾದರಿ ಮಾಡುವವರು ಬಳಸುವ ನವಿರಾದ ಮರೆಯೇ ಇಂಚಿಗೆ 40. ನಿಮ್ಮ ಮನೆಯ ಹಳೇ ಸೈಕಲ್ಲು ಅದನ್ನೂ ಮೀರಿಸಿದೆ! ಸ್ಪೋಕು ಕೈಹಿಡಿ ಕಂಬಿಯಾಗುತ್ತದೆ, ಅದರ ನಿಪ್ಪಲ್ ಪುಟ್ಟ ಹಿತ್ತಾಳೆ ನಟ್ಟಾಗುತ್ತದೆ. ಸೈಕಲ್ಲಿನ ಬಾಲ್ಸು ಮಾತ್ರ ಸೇಫ್ಟಿ ವಾಲ್ವಿಗೆ ಬೇಡ, ಉಗಿಗೆ ತುಕ್ಕು ಹಿಡಿದು ಅಂಟಿಕೊಂಡರೆ ಕೆಟ್ಟಿತು. ಅಲ್ಲಿಗೆ ಸ್ಟೇನ್‌ಲೆಸ್ ಗುಂಡೇ ಆಗಬೇಕು.

ಫ್ರಿಜ್ ರಿಪೇರಿಯವರ ಹತ್ತಿರ ತಾಮ್ರದ ಸಣ್ಣ ಪೈಪು. ಬೀಡಾ ಅಂಗಡಿಯಲ್ಲಿ ಲೈಟರಿಗೆ ತುಂಬುವ ಬ್ಯುಟೇನ್ ಡಬ್ಬಿ. ಗ್ರಿಲ್ ಕೆಲಸದವರ ಹತ್ತಿರ ಕಬ್ಬಿಣದ ಪಟ್ಟಿ, ಅದೇ ನಮ್ಮ ಹಳಿ! ಗುಜರಿಯಲ್ಲಿ ಒಡೆದ ಬೀಡಿನ ಪುಲ್ಲಿ, ಅದೇ ಚಕ್ರ! ಟ್ರ್ಯಾಕ್ಟರ್ ಮೆಕ್ಯಾನಿಕ್ಕಿನ ಬಳಿ ವಾಲ್ವು ಉಜ್ಜುವ ಪೇಸ್ಟು. ಚೀಲ ಭಾರವಾಯಿತೇ?

ಅಡುಗೆಮನೆಯ ಕುಕ್ಕರನ್ನು ನೋಡದೆ ಹೋಗಬಾರದು. ಮುಚ್ಚಳದ ಮೇಲೆ ಸೀಟಿಯ ಪಕ್ಕ ಇನ್ನೊಂದು ಸಣ್ಣ ಗುಂಡಿ ಇರುತ್ತದೆ. ನೀರು ಆರಿದರೆ ಅದರೊಳಗಿನ ಲೋಹ ಕರಗಿ ತೂತಾಗಿ ಉಗಿ ಬಿಟ್ಟುಬಿಡುತ್ತದೆ. ಈ ಉಪಾಯ ಎಲ್ಲಿಂದ ಬಂತು ಗೊತ್ತೇ? ದೊಡ್ಡ ಉಗಿಬಂಡಿಗಳ ಬೆಂಕಿಗೂಡಿನ ನೆತ್ತಿಯಲ್ಲೂ ಇಂಥದೇ ಕರಗುವ ಬಿರಡೆ ಇರುತ್ತಿತ್ತು! ನೀರು ಇಳಿದರೆ ಸೀಸ ಕರಗಿ ಉಗಿಯೇ ನುಗ್ಗಿ ಡ್ರೈವರನನ್ನು ಎಚ್ಚರಿಸುತ್ತಿತ್ತು. ನಿಮ್ಮ ಬೇಳೆ ಬೇಯುವುದು ರೈಲಿನ ಕಾವಲಿನಲ್ಲಿ!

ಈಗ ಲೇತ್ ಅಂಗಡಿ. ಸಿಲಿಂಡರು ಕಡೆಯಬೇಕು. ಟ್ರ್ಯಾಕ್ಟರ್ ಆಕ್ಸಲ್ಲು ಕಡೆಯುವ ಯಂತ್ರದ ಮುಂದೆ 12 ಮಿ.ಮೀ. ಕೊಳವೆ ಹಿಡಿದರೆ ಎದುರಿಗಿರುವವರು ಕೇಳುವುದು ಸಹಜ: "ಇದೇನ್ ಸ್ವಾಮಿ, ಆಟದ ಸಾಮಾನಾ?" ಆಟದ ಸಾಮಾನೇ. ಲೆಕ್ಕ ಮಾತ್ರ ಆಟದ್ದಲ್ಲ. ಅಂಗಿಯ ಗುಂಡಿಯಗಲದ ಆ ಪಿಸ್ಟನ್ನನ್ನು ಉಗಿ ತಳ್ಳುವುದು ಮೂರು ಕಿಲೋ ಬಲದಲ್ಲಿ!

ಲೇತಿನವರ ಬಾಯಲ್ಲಿ ಒಂದು ಮಾತು ಕೇಳಿ ನನಗೆ ರೋಮಾಂಚನವಾಯಿತು. ಇಂಚಿನ ಎಂಟನೇ ಒಂದು ಭಾಗಕ್ಕೆ ನಮ್ಮ ಕಡೆ ಕೆಲಸಗಾರರು ಏನನ್ನುತ್ತಾರೆ? ನೂಲು! ಒಂದು ನೂಲು, ಎರಡು ನೂಲು. ರೇಷ್ಮೆ ನೂಲಿನ ಊರಾದ ಕೊಳ್ಳೇಗಾಲದಲ್ಲಿ ಉಗಿಬಂಡಿಯನ್ನೂ ನೂಲಿನಲ್ಲೇ ಅಳೆಯುತ್ತಾರೆ!

ರೇಷ್ಮೆ ಅಂದಾಗ ನೆನಪಾಯಿತು. ಹಬೆ ಈ ಊರಿಗೆ ಹೊಸಬನಲ್ಲ. ಗೂಡು ಬೇಯಿಸದೆ ಎಳೆ ಬಿಚ್ಚುವುದಿಲ್ಲ. ಎಳೆ ಬಿಚ್ಚುವ ಫಿಲೇಚರುಗಳಲ್ಲಿ ಬಾಯ್ಲರ್, ಹಬೆ ಪೈಪು, ಸೇಫ್ಟಿ ವಾಲ್ವು, ಗ್ಯಾಸ್ಕೆಟ್ಟು ಎಲ್ಲ ದಿನಬಳಕೆಯ ಮಾತು. ಉಗಿ ಎಲ್ಲಿ ಸೋರುತ್ತದೆ, ನೀರಿನ ಗಾಜು ಯಾಕೆ ಮಂಜಾಗುತ್ತದೆ ಅಂತ ಕೇಳಬೇಕಾದರೆ ಅಂಥ ಬಾಯ್ಲರ್ ನೋಡಿಕೊಂಡವರನ್ನೇ ಕೇಳಿ. ಪುಸ್ತಕಕ್ಕಿಂತ ಚೆನ್ನಾಗಿ ಹೇಳುತ್ತಾರೆ.

ಯಳಂದೂರಿನಲ್ಲಿ ಏನು ಕೊಳ್ಳುವುದು ಅಂತ ಕೇಳಿದಿರಾ? ಕೊಳ್ಳುವ ಮೊದಲು ಗೌರೀಶ್ವರ ದೇವಸ್ಥಾನದ ಬಳೇಮಂಟಪದ ಮುಂದೆ ನಿಂತು ತಲೆಯೆತ್ತಿ. ಕಲ್ಲಿನ ಬಳೆಗಳ ಸರಪಳಿ! ಬಳೆಯೊಳಗೆ ಬಳೆ, ಎಲ್ಲ ಕಲ್ಲಿನಲ್ಲೇ ಕಡೆದದ್ದು. ಒಂದು ಏಟು ತಪ್ಪಿದ್ದರೆ ಮುಗಿಯಿತು, ಬೆಸುಗೆ ಹಾಕಲು ಕಲ್ಲಿಗೆ ಬೆಳ್ಳಿ ಇಲ್ಲ. ಕನೆಕ್ಟಿಂಗ್ ರಾಡಿಗೆ ಎರಡು ಸಲ ತೂತು ತಪ್ಪಾಗಿ ಬಿದ್ದು ಬೇಸರವಾದವರು ಇಲ್ಲಿ ಹತ್ತು ನಿಮಿಷ ಕೂತು ಹೋಗಬೇಕು.

ಎಣ್ಣೆ ಹಾಕುವ ಚಮತ್ಕಾರವನ್ನು ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಓಡುವ ಸಿಲಿಂಡರಿಗೆ ಹನಿಹನಿಯಾಗಿ ದಪ್ಪ ಎಣ್ಣೆ ಹೋಗುತ್ತಿರಬೇಕು. ಯಾರು ಹಾಕುತ್ತಾರೆ? ಪಂಪಿಲ್ಲ, ಸ್ಪ್ರಿಂಗಿಲ್ಲ, ತಿರುಗುವ ಒಂದು ಭಾಗವೂ ಇಲ್ಲ! ಉಗಿ ಪೈಪಿನ ಪಕ್ಕ ಹೆಬ್ಬೆರಳಿನಷ್ಟು ಡಬ್ಬಿ. ತುಂಬಾ ಎಣ್ಣೆ. ನಡುವೆ ಸೂಜಿ ತೂರುವಷ್ಟು ತೂತು. ಚೂರು ಉಗಿ ಒಳಗೆ ನುಸುಳುತ್ತದೆ, ತಣಿದು ನೀರಾಗುತ್ತದೆ, ಭಾರಕ್ಕೆ ತಳ ಸೇರುತ್ತದೆ. ಎಣ್ಣೆ ಮೇಲೆ ತೇಲಿ ಅಷ್ಟೇ ಅಷ್ಟು ಹೊರಗೆ ತುಳುಕುತ್ತದೆ. ನೀರು ಎಣ್ಣೆ ಬೆರೆಯುವುದಿಲ್ಲ ಅನ್ನುವುದೊಂದೇ ಇದರ ಎಂಜಿನ್!

ಸರಿ, ಈಗ ನಾನು ಇಷ್ಟು ಹೊತ್ತು ಬಚ್ಚಿಟ್ಟುಕೊಂಡಿದ್ದ ಪ್ರಶ್ನೆ.

ಯಾವ ಎಂಜಿನ್ನಿನ ಮಾದರಿ ಮಾಡುವುದು? ನಮ್ಮ ಸೀಮೆಗೆ ತನ್ನದು ಅನ್ನುವ ಉಗಿಬಂಡಿ ಇಲ್ಲವಲ್ಲ?

ಇದೆ! 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ಯಾವ ಜಿಲ್ಲೆಯಲ್ಲಿತ್ತು, ನೆನಪಿಸಿಕೊಳ್ಳಿ. ಯಳಂದೂರು ಮೈಸೂರಿನದು, ದಿವಾನ್ ಪೂರ್ಣಯ್ಯನವರ ಜಹಗೀರು. ಕೊಳ್ಳೇಗಾಲ, ಅದರೊಳಗೇ ಇದ್ದ ಹನೂರು, ಎರಡೂ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆ! ಅದೇ ಜಿಲ್ಲೆಯ ಮೇಟುಪಾಳಯದಿಂದ 1899ರಲ್ಲಿ ನೀಲಗಿರಿಯ ಕೂನೂರಿಗೆ ಹೊರಟಿತ್ತು ಬೆಟ್ಟದ ರೈಲು. ಅಂದರೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಆ ಉಗಿಬಂಡಿ ನಮ್ಮದೇ ಜಿಲ್ಲೆಯಿಂದ ಹೊರಡುತ್ತಿತ್ತು!

ಅದು ಮೀಟರ್ ಗೇಜ್! 45 ಮಿ.ಮೀ. ಹಳಿಗೆ ಸರಿಯಾಗಿ ಕೂರುತ್ತದೆ! ಹನ್ನೆರಡೂವರೆ ಅಡಿ ಹೋದರೆ ಒಂದು ಅಡಿ ಮೇಲೇರುವ ದಾರಿ, ಹಳಿಗಳ ನಡುವೆ ಹಲ್ಲಿನ ಪಟ್ಟಿ, ಎಂಜಿನ್ನಿಗೆ ಎರಡಲ್ಲ, ನಾಲ್ಕು ಸಿಲಿಂಡರು. ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್‌ನಲ್ಲಿ ಹುಟ್ಟಿದ ಎಕ್ಸ್ ದರ್ಜೆಯ ಬಂಡಿಗಳವು. ಈಗಲೂ ಉಗಿಯಲ್ಲೇ ಏರುತ್ತವೆ. 2005ರಿಂದ ಆ ರೈಲುಮಾರ್ಗ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ.

ಅವುಗಳ ಬಿಡಿಭಾಗ ಎಲ್ಲಿ ಸಿಗುತ್ತದೆ? ಎಲ್ಲೂ ಇಲ್ಲ! ಮಾಡಿದ ಕಾರ್ಖಾನೆ ಉಗಿಬಂಡಿ ಬಿಟ್ಟು ಎಷ್ಟೋ ಕಾಲವಾಯಿತು. ಆಗ ತಿರುಚಿರಾಪಳ್ಳಿಯ ಪೊನ್ಮಲೈ ರೈಲ್ವೆ ಕಾರ್ಖಾನೆಯವರು ಏನು ಮಾಡಿದರು ಗೊತ್ತೇ? ತಾವೇ ಕಡೆದರು, ತಾವೇ ಎರಕ ಹೊಯ್ದರು, ಈ ಇಪ್ಪತ್ತೊಂದನೇ ಶತಮಾನದಲ್ಲಿ ಹೊಚ್ಚಹೊಸ ಉಗಿಬಂಡಿಗಳನ್ನೇ ಕಟ್ಟಿ ನಿಲ್ಲಿಸಿದರು! ಬಿಡಿಭಾಗ ಹುಡುಕಿ ಸೋತ ದಿನ ನಾನು ಜ್ಞಾಪಿಸಿಕೊಳ್ಳುವುದು ಅವರನ್ನೇ.

ನಮಗೂ ಸಿಗದ ವಸ್ತುಗಳಿವೆ. ಕಾಸಿನಗಲದ ಒತ್ತಡ ಮಾಪಕ ಈ ಮೂರು ಊರಲ್ಲಿ ಇಲ್ಲ. ಅದನ್ನು ತರಿಸಬೇಕು. ಇಂಚಿಗೆ 40 ಸುತ್ತಿನ ಟ್ಯಾಪು ಕೂಡ. ಬೆಂಗಳೂರಿನ ಎಸ್.ಪಿ. ರಸ್ತೆಗೋ, ದಿಂಬಂ ಘಾಟಿನ ಇಪ್ಪತ್ತೇಳು ತಿರುವು ಇಳಿದು ಕೊಯಮತ್ತೂರಿಗೋ ಹೋಗಬೇಕು. ನಾನಾದರೆ ಕೊಯಮತ್ತೂರಿಗೇ ಹೋಗುತ್ತೇನೆ. ಮೇಟುಪಾಳಯ ಅಲ್ಲಿಂದ ಹತ್ತಿರ!

ಸೀಟಿ ಮರೆತೆವಲ್ಲ! ದೊಡ್ಡ ಎಂಜಿನ್ನಿನ ಸೀಟಿಯನ್ನೂ ಇಪ್ಪತ್ತೆರಡೂವರೆ ಪಟ್ಟು ಚಿಕ್ಕದು ಮಾಡಿದರೆ ಹೇಗೆ ಕೂಗುತ್ತದೆ? ಊಹಿಸಿ, ಇದು ಕೊನೆಯ ಪ್ರಶ್ನೆ.

ಕೊಳವೆ ಗಿಡ್ಡವಾದಷ್ಟೂ ದನಿ ಮೇಲೇರುತ್ತದೆ. ಸೆಕೆಂಡಿಗೆ 400 ಸಲ ಕಂಪಿಸುವ ಗಂಭೀರ ಕೂಗು 9000ಕ್ಕೆ ಹಾರುತ್ತದೆ! ರೈಲಲ್ಲ, ಜೀರುಂಡೆ! ಅದಕ್ಕೇ ಬಲ್ಲವರು ತೋರಿಕೆಗೆ ಪುಟ್ಟ ಸೀಟಿ ಮೇಲಿಟ್ಟು, ಗೇಣುದ್ದದ ನಿಜವಾದ ಸೀಟಿಯನ್ನು ಎಂಜಿನ್ನಿನ ಹೊಟ್ಟೆಯ ಕೆಳಗೆ ಅಡಗಿಸುತ್ತಾರೆ.

ಈಗ ಅಂಗಳದಲ್ಲಿ ಹಳಿ ಹಾಸಿ. ಒಂದು ಲೋಟದ ಮುಕ್ಕಾಲು ಮಳೆನೀರು ತುಂಬಿ, ನಮ್ಮ ಬೋರಿನ ನೀರು ಬೇಡ, ಗಾರೆ ಕಟ್ಟುತ್ತದೆ. ಬೆಂಕಿ ಹಚ್ಚಿ. ಐದಾರು ನಿಮಿಷ ತಾಳಿ. ಮಾಪಕದ ಮುಳ್ಳು ನಡುಗುತ್ತದೆ. ಹತ್ತು, ಇಪ್ಪತ್ತು, ಮೂವತ್ತು! ಮಕ್ಕಳನ್ನು ಒಂದು ಮಾರು ದೂರ ನಿಲ್ಲಿಸಿ. ಉಗಿ ಬಿಡುವ ಹಿಡಿಯನ್ನು ಮೆಲ್ಲಗೆ ತಿರುಗಿಸಿ.

ಅದು ಮೊದಲು ಓಡುವುದಿಲ್ಲ! ಚಿಮಣಿಯಿಂದ ಬಿಸಿನೀರು ಉಗುಳುತ್ತದೆ. ಗಾಬರಿಯಾಗಬೇಡಿ. ತಣ್ಣಗಿನ ಸಿಲಿಂಡರಿಗೆ ತಾಗಿ ಉಗಿ ನೀರಾಗಿದೆ, ಮೇಟುಪಾಳಯದ ದೊಡ್ಡಣ್ಣನೂ ಹೊರಡುವಾಗ ಹೀಗೇ ಪಕ್ಕಕ್ಕೆ ಉಗುಳುತ್ತಾನೆ. ಬಟ್ಟೆಯಿಂದ ಒರೆಸಿ. ಚಕ್ರವನ್ನು ಬೆರಳಲ್ಲಿ ಅರ್ಧ ಸುತ್ತು ಮುಂದಕ್ಕೆ ತಳ್ಳಿ, ಹಿಂದಕ್ಕೆ ತಳ್ಳಿ, ಮತ್ತೆ ಮುಂದಕ್ಕೆ.

ಈಗ ಕೈ ತೆಗೆಯಿರಿ!